ಎರಡು ನಿಲ್ದಾಣಗಳ ದೂರ, ಎರಡು ಮನೆಗಳ ದೂರ

ವೈದ್ಯರ ಲೇಖನಗಳಿಗೆ ಮೀಸಲಾದ ಈ ಪುಟಗಳ ನಡುವೆ ಬ್ಯಾಂಕಿನ ಲೆಕ್ಕಪತ್ರಗಳಲ್ಲಿ ದಿನ ಕಳೆಯುವವನೊಬ್ಬನ ಬರಹಕ್ಕೆ ಏನು ಕೆಲಸವೆಂದು ಸಂಘದ ಸದಸ್ಯ ಬಾಂಧವರು ಕೇಳಬಹುದು. ನಾನು ಓದಿದ್ದು ವಾಣಿಜ್ಯಶಾಸ್ತ್ರ. ದೇಹಶಾಸ್ತ್ರ ನನ್ನ ವಿಷಯವಲ್ಲ. ಆದರೆ ನಮ್ಮ ಹಿರಿಯರ ಆರೋಗ್ಯಕ್ಕೆ ಈಚೆಗೆ ಒದಗುತ್ತಿರುವ ಒಂದು ತೊಂದರೆಗೆ ಮೂಲ ಕಾರಣ ಔಷಧದ ಕೊರತೆಯಲ್ಲ, ಲೆಕ್ಕದ ಕೊರತೆ. ಅದು ದೂರದ ಲೆಕ್ಕ. ವಿಮಾನಯಾನಕ್ಕೆ ಹಿಡಿಯುವ ಹೊತ್ತಿನ ಲೆಕ್ಕ. ಆದುದರಿಂದ ಲೆಕ್ಕದವನೂ ಈ ವಿಷಯದಲ್ಲಿ ಎರಡು ಮಾತು ಹೇಳಬಹುದೆಂದು ಭಾವಿಸಿದ್ದೇನೆ.

ಬ್ಯಾಂಕಿಗೆ ಸಾಲ ಕೇಳಲು ಬರುವವರಲ್ಲಿ ಹೆಚ್ಚಿನವರು ಬಡ್ಡಿಯ ದರವನ್ನು ಮಾತ್ರ ಕೇಳುತ್ತಾರೆ. ಅರ್ಜಿಯ ಶುಲ್ಕ, ದಾಖಲೆಗಳ ವೆಚ್ಚ, ವಿಮೆಯ ಕಂತು, ಅವಧಿಗೆ ಮುನ್ನ ತೀರಿಸಿದರೆ ತೆರಬೇಕಾದ ದಂಡ ಇವೆಲ್ಲವನ್ನೂ ಕೂಡಿದ ಮೇಲೆ ಆ ಸಾಲ ನಿಜವಾಗಿ ಎಷ್ಟಕ್ಕೆ ಬೀಳುತ್ತದೆಂಬುದನ್ನು ಕೇಳುವವರು ವಿರಳ. ವಿಮಾನದ ಟಿಕೆಟಿನ ಮೇಲೆ ಅಚ್ಚಾಗಿರುವ ಪ್ರಯಾಣಕಾಲವೂ ಹೀಗೆಯೇ ಹೆಸರಿನ ದರವೇ ಹೊರತು ನಿಜವಾದ ದರವಲ್ಲ. ಅದು ಒಂದು ವಿಮಾನನಿಲ್ದಾಣದಿಂದ ಇನ್ನೊಂದಕ್ಕೆ ವಿಮಾನವು ತೆಗೆದುಕೊಳ್ಳುವ ಕಾಲ. ಮನುಷ್ಯನಾದರೋ ನಿಲ್ದಾಣದಲ್ಲಿ ವಾಸಿಸುವವನಲ್ಲ. ಅವನು ಒಂದು ಮನೆಯ ಹೊಸ್ತಿಲನ್ನು ದಾಟಿ ಇನ್ನೊಂದು ಮನೆಯ ಹೊಸ್ತಿಲನ್ನು ಮುಟ್ಟುವವನು. ಹಿರಿಯರಿಗಾಗಿ ಟಿಕೆಟು ಕೊಳ್ಳುವ ಮಕ್ಕಳು ಈ ಎರಡನೆಯ ಲೆಕ್ಕವನ್ನು ಹಾಕಿ, ಅದನ್ನು ಹಿರಿಯರ ಮುಂದಿಟ್ಟು, ಅವರ ಅಭಿಪ್ರಾಯ ಕೇಳಿದ ಮೇಲೆಯೇ ಹಣ ಕಟ್ಟಬೇಕೆಂಬುದು ಈ ಲೇಖನದ ಒಟ್ಟು ಅಭಿಪ್ರಾಯ.

ಹತ್ತಿರದ ಲೆಕ್ಕ

ಮೊದಲು ನಮಗೆಲ್ಲ ಪರಿಚಿತವಾದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಅರುವತ್ತರ ದಶಕದಲ್ಲಿ ಬಾಲಾನಗರದಲ್ಲಿ ಎಚ್.ಎ.ಎಲ್. ಮತ್ತು ಐ.ಡಿ.ಪಿ.ಎಲ್. ಕಾರ್ಖಾನೆಗಳು ತಲೆಯೆತ್ತಿದ ಕಾಲದಿಂದ ಉದ್ಯೋಗಕ್ಕೆಂದು ಕರ್ನಾಟಕದಿಂದ ಬಂದು ಇಲ್ಲಿ ನೆಲೆಸಿದವರಿದ್ದಾರೆ. ಆಗ ವಿಮಾನನಿಲ್ದಾಣ ಇದ್ದದ್ದು ಬೇಗಂಪೇಟೆಯಲ್ಲಿ. ಬಾಲಾನಗರಕ್ಕೆ ಕೇವಲ ಐದಾರು ಕಿಲೋಮೀಟರು. ವಿಮಾನ ಹತ್ತುವ ಶಕ್ತಿ ಅಂದು ಎಲ್ಲರಿಗೂ ಇರಲಿಲ್ಲವೆಂಬುದು ಬೇರೆ ಮಾತು. ಹೆಚ್ಚಿನವರಿಗೆ ಕಾಚಿಗುಡದ ರೈಲೇ ಗತಿಯಾಗಿತ್ತು. ೨೦೦೮ರ ಮಾರ್ಚ್ ತಿಂಗಳಲ್ಲಿ ನಾಗರಿಕ ವಿಮಾನಗಳು ಬೇಗಂಪೇಟೆಯಿಂದ ಶಂಷಾಬಾದಿಗೆ ಸ್ಥಳಾಂತರಗೊಂಡವು. ಎರಡು ತಿಂಗಳು ಕಳೆದು ಅದೇ ವರ್ಷ ಮೇ ೨೪ರಂದು ಬೆಂಗಳೂರಿನಲ್ಲಿಯೂ ಅವು ಎಚ್.ಎ.ಎಲ್. ನಿಲ್ದಾಣವನ್ನು ಬಿಟ್ಟು ದೇವನಹಳ್ಳಿಗೆ ಹೋದವು.

ಇಲ್ಲಿ ಒಂದು ಸ್ವಾರಸ್ಯವಿದೆ. ಶಂಷಾಬಾದ್ ಇರುವುದು ಹೈದರಾಬಾದಿನ ದಕ್ಷಿಣಕ್ಕೆ. ದೇವನಹಳ್ಳಿ ಇರುವುದು ಬೆಂಗಳೂರಿನ ಉತ್ತರಕ್ಕೆ. ಆದುದರಿಂದ ಎರಡು ನಿಲ್ದಾಣಗಳೂ ಒಂದರ ಕಡೆಗೊಂದು ಸರಿದಂತಾಯಿತು. ಬೇಗಂಪೇಟೆಗೂ ಹಳೆಯ ಎಚ್.ಎ.ಎಲ್. ನಿಲ್ದಾಣಕ್ಕೂ ನಡುವೆ ಆಕಾಶಮಾರ್ಗದ ನೇರ ದೂರ ಸುಮಾರು ೫೦೮ ಕಿಲೋಮೀಟರು ಇದ್ದದ್ದು, ಹೊಸ ನಿಲ್ದಾಣಗಳ ನಡುವೆ ಸುಮಾರು ೪೫೫ಕ್ಕೆ ಇಳಿಯಿತು. ಆಕಾಶದಲ್ಲಿ ಐವತ್ತು ಕಿಲೋಮೀಟರು ಉಳಿಯಿತೆಂದು ಸಂತೋಷಪಡೋಣವೇ? ಜೆಟ್ ವಿಮಾನಕ್ಕೆ ಐವತ್ತು ಕಿಲೋಮೀಟರು ಎಂದರೆ ನಾಲ್ಕು ನಿಮಿಷದ ಮಾತು. ಅದೇ ಸಮಯಕ್ಕೆ ನೆಲದ ಮೇಲಿನ ದಾರಿ ಬಾಲಾನಗರದ ಕಡೆ ಸುಮಾರು ನಲವತ್ತು ಕಿಲೋಮೀಟರಾಯಿತು. ಜಯನಗರದ ಮನೆಗೆ ಹೋಗುವವರಿಗೆ ಆ ಕಡೆಯೂ ಅಷ್ಟೇ ಆಯಿತು. ವಿಮಾನಕ್ಕೆ ನಾಲ್ಕು ನಿಮಿಷ ಲಾಭ. ಪ್ರಯಾಣಿಕನಿಗೆ ಒಂದೂವರೆ ಎರಡು ಗಂಟೆ ನಷ್ಟ. ನಗರಗಳು ಬೆಳೆದಾಗ ದೊಡ್ಡ ನಿಲ್ದಾಣಗಳು ಊರಾಚೆ ಹೋಗುವುದು ಅನಿವಾರ್ಯ. ಅದನ್ನು ಆಕ್ಷೇಪಿಸುವುದು ನನ್ನ ಉದ್ದೇಶವಲ್ಲ. ನಿಲ್ದಾಣಗಳ ದೂರ ಕಡಿಮೆಯಾಗುತ್ತಿರುವಾಗಲೇ ಮನೆಗಳ ದೂರ ಹೆಚ್ಚಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡವೆಂದಷ್ಟೇ ನನ್ನ ಮಾತು.

ಈಗ ಇಂದಿನ ಪ್ರಯಾಣದ ಖಾತೆ ಬರೆಯೋಣ. ಬಾಲಾನಗರದಿಂದ ಶಂಷಾಬಾದಿಗೆ ಒಂದೂಕಾಲು ಗಂಟೆ. ತಪಾಸಣೆ, ಕಾಯುವಿಕೆಗಳಿಗೆ ಒಂದೂಮುಕ್ಕಾಲು ಗಂಟೆ. ಟಿಕೆಟಿನ ಪ್ರಕಾರ ವಿಮಾನದ ಕಾಲ ಒಂದೂಕಾಲು ಗಂಟೆ. ಅದರಲ್ಲಿ ನಿಂತ ಜಾಗದಿಂದ ಹೊರಟು ಓಡುದಾರಿಗೆ ಹೋಗುವ ಹಾಗೂ ಇಳಿದ ಮೇಲೆ ತಂಗುವ ಜಾಗಕ್ಕೆ ಬರುವ ಹೊತ್ತೂ ಸೇರಿದೆ. ಪೆಟ್ಟಿಗೆಗಳನ್ನು ಪಡೆದು ಹೊರಬರಲು ಅರ್ಧ ಗಂಟೆಯ ಮೇಲೆ. ಅಲ್ಲಿಂದ ಜಯನಗರಕ್ಕೆ ಒಂದೂಮುಕ್ಕಾಲು ಗಂಟೆ. ಒಟ್ಟು ಆರೂವರೆ ಗಂಟೆ. ಇದರಲ್ಲಿ ವಿಮಾನದ ಪಾಲು ಐದನೆಯ ಒಂದು ಭಾಗ. ಉಳಿದ ನಾಲ್ಕು ಭಾಗ ನಮ್ಮ ಗಾದೆಯಂತೆ ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಇದಕ್ಕೆ ರೈಲನ್ನು ಹೋಲಿಸಿ ನೋಡಿರಿ. ೨೦೨೩ರ ಸೆಪ್ಟೆಂಬರಿನಲ್ಲಿ ಕಾಚಿಗುಡ ಮತ್ತು ಯಶವಂತಪುರಗಳ ನಡುವೆ ವಂದೇ ಭಾರತ್ ರೈಲು ಆರಂಭವಾಯಿತು. ಸುಮಾರು ೬೧೦ ಕಿಲೋಮೀಟರು ದಾರಿ. ಎಂಟೂವರೆ ಗಂಟೆಯ ಪ್ರಯಾಣ. ಎರಡು ಕಡೆಯ ಓಡಾಟ ಸೇರಿಸಿದರೆ ಮನೆಯಿಂದ ಮನೆಗೆ ಹತ್ತೂವರೆ ಗಂಟೆ. ಕಾಗದದ ಮೇಲೆ ವಿಮಾನವು ಏಳು ಗಂಟೆ ಉಳಿಸುವಂತೆ ಕಾಣುತ್ತದೆ. ನಿಜವಾಗಿ ಉಳಿಯುವುದು ನಾಲ್ಕೇ ಗಂಟೆ. ಆ ನಾಲ್ಕು ಗಂಟೆ ನನ್ನಂತಹ ಉದ್ಯೋಗಸ್ಥನಿಗೆ ಬೆಲೆಯುಳ್ಳದ್ದಿರಬಹುದು. ಮನೆಯ ಬುತ್ತಿ ಬಿಚ್ಚಿಕೊಂಡು, ಬೇಕೆನಿಸಿದಾಗ ಎದ್ದು ಓಡಾಡುತ್ತ ಹೋಗಬಯಸುವ ಎಪ್ಪತ್ತರ ಹಿರಿಯರಿಗೂ ಅದೇ ಬೆಲೆಯೆಂದು ಹೇಳಲಾಗದು.

ಹದಿನಾಲ್ಕು ಸಾವಿರ ಕಿಲೋಮೀಟರು

ಬೆಂಗಳೂರಿನ ಲೆಕ್ಕದಲ್ಲಿ ತಪ್ಪಿದರೆ ಅರ್ಧ ದಿನದ ಆಯಾಸವಷ್ಟೇ. ಆದರೆ ನಮ್ಮ ಬಡಾವಣೆಗಳ ಎಷ್ಟೋ ಮನೆಗಳಲ್ಲಿ ಇಂದು ಮಕ್ಕಳಿರುವುದು ಬೆಂಗಳೂರಿನಲ್ಲಲ್ಲ. ಕ್ಯಾಲಿಫೋರ್ನಿಯದಲ್ಲಿ, ಟೆಕ್ಸಾಸಿನಲ್ಲಿ, ಷಿಕಾಗೋದಲ್ಲಿ. ಕರ್ನಾಟಕದಿಂದ ಹೈದರಾಬಾದಿಗೆ ಬಂದು ನೆಲೆಸಿದ ತಲೆಮಾರಿನವರು ಮಗಳ ಬಾಣಂತನಕ್ಕೆ, ಮೊಮ್ಮಗನ ನಾಮಕರಣಕ್ಕೆ, ಮಗನ ಹೊಸ ಮನೆಯ ಗೃಹಪ್ರವೇಶಕ್ಕೆ ಸಾಗರಗಳಾಚೆ ಹೋಗಿಬರುವುದು ಸಾಮಾನ್ಯವಾಗಿದೆ. ದಂಪತಿಗಳಲ್ಲಿ ಒಬ್ಬರೇ ಉಳಿದಾಗ ಒಂಟಿಯಾಗಿ ಹೋಗುವುದೂ ಉಂಟು.

೨೦೨೧ರ ಜನವರಿಯಲ್ಲಿ ಏರ್ ಇಂಡಿಯಾ ಸಂಸ್ಥೆಯು ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಬೆಂಗಳೂರುಗಳ ನಡುವೆ ಎಲ್ಲಿಯೂ ಇಳಿಯದೆ ಹಾರುವ ವಿಮಾನವನ್ನು ಮೊದಲಬಾರಿಗೆ ಹಾರಿಸಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಮಹಿಳೆಯರೇ ಆ ವಿಮಾನವನ್ನು ಉತ್ತರಧ್ರುವದ ಮೇಲಿನಿಂದ ನಡೆಸಿಕೊಂಡು ಬಂದದ್ದು ದೇಶಕ್ಕೆ ಹೆಮ್ಮೆ ತಂದ ಸಂಗತಿ. ನಕಾಶೆಯ ಮೇಲೆ ಅಮೆರಿಕ ಪಶ್ಚಿಮದಲ್ಲಿರುವಾಗ ಉತ್ತರಕ್ಕೇಕೆ ಹೋಗಬೇಕು ಎಂದು ಕೇಳುವವರಿದ್ದಾರೆ. ಭೂಮಿ ಗುಂಡಗಿರುವುದರಿಂದ ಎರಡು ಸ್ಥಳಗಳ ನಡುವಿನ ಅತಿ ಹತ್ತಿರದ ದಾರಿ ಗೋಳದ ಮೈಮೇಲಿನ ದಾರಿಯೇ ಹೊರತು ಚಪ್ಪಟೆ ನಕಾಶೆಯಲ್ಲಿ ಎಳೆದ ಗೆರೆಯಲ್ಲ. ಮನೆಯಲ್ಲಿರುವ ಭೂಗೋಳದ ಮೇಲೆ ದಾರವೊಂದನ್ನು ಎಳೆದು ಹಿಡಿದರೆ ಮಕ್ಕಳಿಗೂ ಇದು ತಿಳಿಯುತ್ತದೆ. ಆ ಹತ್ತಿರದ ದಾರಿಯೂ ಸುಮಾರು ೧೪,೦೦೦ ಕಿಲೋಮೀಟರು. ಭೂಮಿಯ ಸುತ್ತಳತೆಯ ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚು. ಕಾಲ ಹದಿನೇಳು ಗಂಟೆಗೂ ಮಿಕ್ಕು. ಅದೇ ತಿಂಗಳು ಹೈದರಾಬಾದಿನಿಂದ ಷಿಕಾಗೋಗೂ ನೇರ ವಿಮಾನ ಆರಂಭವಾಗಿ ಅನಂತರ ನಿಂತುಹೋಯಿತು. ಇಂತಹ ಸೇವೆಗಳು ಬರುತ್ತವೆ, ಹೋಗುತ್ತವೆ. ಅವನ್ನು ಶಾಶ್ವತವೆಂದು ನಂಬಿ ಯಾರೂ ಯೋಜನೆ ಹಾಕಲಾಗದು.

ನೇರ ವಿಮಾನ ಸಿಕ್ಕರೂ ಬಾಲಾನಗರದವರಿಗೆ ಅದರ ಲಾಭವೆಷ್ಟೆಂಬುದನ್ನು ನೋಡೋಣ. ಮೊದಲು ಶಂಷಾಬಾದಿಗೆ ಹೋಗಿ ಬೆಂಗಳೂರಿನ ವಿಮಾನ ಹತ್ತಬೇಕು. ಮನೆಯಿಂದ ದೇವನಹಳ್ಳಿಯವರೆಗೆ ನಾಲ್ಕೂಕಾಲು ಗಂಟೆ. ಅಲ್ಲಿ ಅಂತರರಾಷ್ಟ್ರೀಯ ಪ್ರಯಾಣದ ತಪಾಸಣೆ, ಕಾಯುವಿಕೆ ನಾಲ್ಕು ಗಂಟೆ. ವಿಮಾನದಲ್ಲಿ ಹದಿನೇಳೂವರೆ. ಆಚೆ ಕಡೆ ವಲಸೆ ಅಧಿಕಾರಿಗಳ ಸಾಲು, ಪೆಟ್ಟಿಗೆಗಳು, ಮಗನ ಮನೆಯ ದಾರಿ ಇವುಗಳಿಗೆ ಮೂರು. ಒಟ್ಟು ಇಪ್ಪತ್ತೆಂಟೂಮುಕ್ಕಾಲು ಗಂಟೆ. ಇದರ ಬದಲು ಹೈದರಾಬಾದಿನಿಂದ ದುಬೈಗೆ ಹೋಗಿ ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದರೆ, ಮೊದಲ ಹಂತ ಸುಮಾರು ೨,೫೫೦ ಕಿಲೋಮೀಟರು, ನಾಲ್ಕು ಗಂಟೆ. ಎರಡನೆಯದು ಸುಮಾರು ೧೩,೦೦೦ ಕಿಲೋಮೀಟರು, ಹದಿನಾರು ಗಂಟೆ. ನಡುವೆ ಮೂರು ಗಂಟೆ ಬಿಡುವೆಂದು ಇಟ್ಟುಕೊಂಡು ಎರಡು ಕಡೆಯ ವೆಚ್ಚ ಸೇರಿಸಿದರೆ ಮೂವತ್ತು ಗಂಟೆ. ಅಂದರೆ ಬಹಳವಾಗಿ ಹೊಗಳಿಸಿಕೊಳ್ಳುವ ನೇರ ವಿಮಾನ ನಮಗೆ ಉಳಿಸಿಕೊಡುವುದು ಒಂದೂಕಾಲು ಗಂಟೆ ಮಾತ್ರ. ಬೆಂಗಳೂರಿನವರ ಲೆಕ್ಕವನ್ನು ಹೈದರಾಬಾದಿನವರು ನಕಲು ಮಾಡಬಾರದು.

ಇಷ್ಟಾಗಿಯೂ ಟಿಕೆಟು ನಮ್ಮನ್ನು ಇನ್ನೊಂದು ಬಗೆಯಲ್ಲಿ ಭ್ರಮೆಗೊಳಿಸುತ್ತದೆ. ಹೊರಡುವ ಮತ್ತು ತಲುಪುವ ಸಮಯಗಳನ್ನು ಆಯಾ ಊರಿನ ಗಡಿಯಾರದಂತೆ ಅಚ್ಚುಮಾಡುವುದು ರೂಢಿ. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಜನವರಿಯಲ್ಲಿ ಮಧ್ಯಾಹ್ನ ಎರಡಕ್ಕೆ ಬೆಂಗಳೂರು ಬಿಟ್ಟು ಹದಿನೇಳೂವರೆ ಗಂಟೆ ಹಾರಿದವರು ಅದೇ ದಿನ ಸಂಜೆ ಆರಕ್ಕೆ ಇಳಿಯುತ್ತಾರೆ. ಕಾಗದ ನೋಡಿದರೆ ನಾಲ್ಕು ಗಂಟೆಯ ಪ್ರಯಾಣ! ದೇಹಕ್ಕೆ ಆ ದಿನ ಮೂವತ್ತೇಳೂವರೆ ಗಂಟೆಯ ದಿನ. ಇನ್ನು ರಾಜಕೀಯವೂ ದಾರಿಯನ್ನು ಹಿಗ್ಗಿಸಬಲ್ಲದು. ೨೦೨೫ರ ಏಪ್ರಿಲಿನಲ್ಲಿ ಪಾಕಿಸ್ತಾನವು ತನ್ನ ವಾಯುಪ್ರದೇಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದ ಮೇಲೆ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ನಮ್ಮ ವಿಮಾನಗಳು ಸುತ್ತಿಬಳಸಿ ಹೋಗಬೇಕಾಯಿತು; ಅಮೆರಿಕಕ್ಕೆ ಹೋಗುವ ಕೆಲವು ವಿಮಾನಗಳು ಇಂಧನಕ್ಕಾಗಿ ಯೂರೋಪಿನಲ್ಲಿ ಇಳಿಯಬೇಕಾಯಿತು. ಊರುಗಳು ಇದ್ದಲ್ಲಿಯೇ ಇದ್ದವು. ಗಂಟೆಗಳು ಮಾತ್ರ ಬೆಳೆದವು.

ದೇಹದ ಲೆಕ್ಕ

ಈ ಗಂಟೆಗಳನ್ನು ಕಳೆಯಬೇಕಾದ ಸ್ಥಳ ಎಂತಹದೆಂಬುದನ್ನೂ ತಿಳಿಯಬೇಕು. ಹಾರುವ ವಿಮಾನದ ಒಳಗಿನ ಗಾಳಿಯ ಒತ್ತಡ ನೆಲದ ಮಟ್ಟದಲ್ಲಿರುವಷ್ಟು ಇರುವುದಿಲ್ಲ. ೧,೮೦೦ರಿಂದ ೨,೪೦೦ ಮೀಟರು ಎತ್ತರದ ಬೆಟ್ಟದ ಮೇಲಿರುವಷ್ಟು ಇರುತ್ತದೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ೧,೯೩೦ ಮೀಟರು. ಹೃದಯದ ಅಥವಾ ಶ್ವಾಸಕೋಶದ ತೊಂದರೆಯಿರುವ ಹಿರಿಯರನ್ನು ಮುಳ್ಳಯ್ಯನಗಿರಿಯ ತುದಿಯಲ್ಲಿ ಇಕ್ಕಟ್ಟಾದ ಕುರ್ಚಿಯೊಂದರ ಮೇಲೆ ಹದಿನಾರು ಗಂಟೆ ಕೂರಿಸುವ ಮುನ್ನ ವೈದ್ಯರನ್ನು ಕೇಳದೆ ಇರುತ್ತೇವೆಯೇ? ಮೇಲಾಗಿ ಆ ಗಾಳಿ ಬಹಳ ಒಣ. ತೇವಾಂಶ ಸಾಮಾನ್ಯವಾಗಿ ಶೇಕಡ ೨೦ಕ್ಕಿಂತ ಕಡಿಮೆ. ಶೌಚಾಲಯಕ್ಕೆ ಪದೇ ಪದೇ ಏಳಬೇಕಾದೀತೆಂಬ ಸಂಕೋಚದಿಂದ ನಮ್ಮ ತಾಯಂದಿರು ನೀರನ್ನೇ ಕುಡಿಯದೆ ಕುಳಿತುಬಿಡುತ್ತಾರೆ. ಪಕ್ಕದ ಅಪರಿಚಿತರನ್ನು ಎಬ್ಬಿಸಲಾರದೆ ಕಾಲು ಮಡಿಸಿಕೊಂಡೇ ಇರುತ್ತಾರೆ.

ಹೀಗೆ ಅಲುಗಾಡದೆ ಕೂತರೆ ಕಾಲಿನ ಆಳದ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವವಿದೆ. ವಿಶ್ವ ಆರೋಗ್ಯ ಸಂಸ್ಥೆಯು ೨೦೦೭ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ನಾಲ್ಕು ಗಂಟೆ ಅಥವಾ ಅದಕ್ಕೂ ಹೆಚ್ಚಿನ ಪ್ರಯಾಣದಲ್ಲಿ ಈ ಅಪಾಯ ಸುಮಾರು ಇಮ್ಮಡಿಯಾಗುತ್ತದೆ. ಹೆದರಬೇಕಾಗಿಲ್ಲ, ಆರೋಗ್ಯವಂತರಲ್ಲಿ ಅದು ಆರು ಸಾವಿರಕ್ಕೆ ಒಬ್ಬರಂತೆ ಮಾತ್ರ. ಆದರೆ ಈಚೆಗೆ ಶಸ್ತ್ರಚಿಕಿತ್ಸೆ ಆದವರಿಗೆ, ಹಿಂದೆ ಹೀಗೆ ಹೆಪ್ಪುಗಟ್ಟಿದ್ದವರಿಗೆ, ಸ್ಥೂಲಕಾಯರಿಗೆ ಅಪಾಯ ಹೆಚ್ಚು. ಅದೇ ವರದಿಯು ಈ ಮಾತು ವಿಮಾನಕ್ಕೆ ಮಾತ್ರವಲ್ಲ, ಬಸ್ಸು, ರೈಲು, ಕಾರುಗಳಿಗೂ ಅನ್ವಯಿಸುತ್ತದೆಂದು ಹೇಳುತ್ತದೆ. ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು ಬೆಂಗಳೂರಿಗೆ ಹೋಗುವವರೂ ಇದನ್ನು ಗಮನಿಸಬೇಕು. ಗಂಟೆಗೊಮ್ಮೆ ಎದ್ದು ನಡೆಯುವುದು, ಕೂತಲ್ಲಿಯೇ ಪಾದಗಳನ್ನು ಆಡಿಸುವುದು, ನೀರು ಕುಡಿಯುವುದು ಇವು ಖರ್ಚಿಲ್ಲದ ಉಪಾಯಗಳು. ನಡುದಾರಿಯ ಪಕ್ಕದ ಆಸನವನ್ನು ಮೊದಲೇ ಕೇಳಿ ಪಡೆಯುವುದು ಮಕ್ಕಳ ಕೆಲಸ.

ಔಷಧಗಳ ವಿಷಯ ಇನ್ನೂ ಸೂಕ್ಷ್ಮ. ದಿನಕ್ಕೆ ಎರಡು ಬಾರಿ ತೆಗೆದುಕೊಳ್ಳಬೇಕಾದ ಮಾತ್ರೆಯನ್ನು ಮೂವತ್ತೇಳೂವರೆ ಗಂಟೆಯ ದಿನದಲ್ಲಿ ಎಷ್ಟು ಬಾರಿ ತೆಗೆದುಕೊಳ್ಳಬೇಕು? ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಕೊಳ್ಳುವವರು ಯಾವ ಊಟಕ್ಕೆ ಎಷ್ಟು ಹಾಕಿಕೊಳ್ಳಬೇಕು? ಇದಕ್ಕೆ ಅವರವರ ವೈದ್ಯರೇ ಉತ್ತರ ಹೇಳಬೇಕು. ಹೊರಡುವ ಮುನ್ನವೇ ಹೇಳಿಸಿಕೊಂಡು ಬರೆದಿಟ್ಟುಕೊಳ್ಳಬೇಕು. ಇನ್ಸುಲಿನ್ನನ್ನೂ ಮುಖ್ಯವಾದ ಮಾತ್ರೆಗಳನ್ನೂ ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು. ದೊಡ್ಡ ಪೆಟ್ಟಿಗೆಗಳು ತಪ್ಪಿಹೋಗಬಹುದು. ಸರಕಿನ ಕೋಣೆಯ ಚಳಿಯಲ್ಲಿ ಇನ್ಸುಲಿನ್ ಹೆಪ್ಪುಗಟ್ಟಿ ಕೆಡಲೂಬಹುದು.

ಉಳಿತಾಯ ಯಾರದು, ವೆಚ್ಚ ಯಾರದು?

ನಮ್ಮ ಪರಿಚಯದ ಹಿರಿಯ ಮಹಿಳೆಯೊಬ್ಬರು ಮಗಳ ಬಾಣಂತನಕ್ಕೆಂದು ಕ್ಯಾಲಿಫೋರ್ನಿಯಕ್ಕೆ ಹೋದರು. ವಯಸ್ಸು ಎಪ್ಪತ್ತೆರಡು, ಮೊಣಕಾಲು ನೋವು, ಸಕ್ಕರೆ ಕಾಯಿಲೆ. ಕಂಪ್ಯೂಟರಿನ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿದ್ದ ಅಗ್ಗದ ಟಿಕೆಟನ್ನು ಅಳಿಯಂದಿರು ಆರಿಸಿದ್ದರು. ಉಳಿದದ್ದು ಹದಿನೆಂಟು ಸಾವಿರ ರೂಪಾಯಿ. ಹೆಚ್ಚಿದ್ದು ನಡುವಿನ ಊರೊಂದರ ನಿಲ್ದಾಣದಲ್ಲಿ ಅಪರಾತ್ರಿಯ ಒಂಬತ್ತು ಗಂಟೆಗಳ ಕಾಯುವಿಕೆ. ಭಾಷೆ ಬಾರದೆ, ಊಟದ ಸಮಯ ತಪ್ಪಿ, ಕಾಲು ಊದಿಸಿಕೊಂಡು ತಲುಪಿದ ಆ ತಾಯಿ ಹತ್ತು ದಿನ ಹಾಸಿಗೆಯಿಂದ ಏಳಲಿಲ್ಲ. ಬಾಣಂತನ ಮಾಡಲು ಹೋದವರ ಶುಶ್ರೂಷೆಯನ್ನು ತುಂಬು ಗರ್ಭಿಣಿಯಾದ ಮಗಳು ಮಾಡಬೇಕಾಯಿತು. ಹದಿನೆಂಟು ಸಾವಿರವನ್ನು ಒಂಬತ್ತರಿಂದ ಭಾಗಿಸಿದರೆ ಗಂಟೆಗೆ ಎರಡು ಸಾವಿರ. ನಡುರಾತ್ರಿಯಲ್ಲಿ ಕಬ್ಬಿಣದ ಕುರ್ಚಿಯ ಮೇಲೆ ಕೂತಿರಲು ನಮ್ಮ ತಾಯಿಗೆ ಗಂಟೆಗೆ ಎರಡು ಸಾವಿರ ರೂಪಾಯಿ ಕೊಡುತ್ತೇನೆಂದು ಯಾರಾದರೂ ಬಂದು ಕೇಳಿದರೆ ನಾವು ಒಪ್ಪುತ್ತೇವೆಯೇ?

ದುಬಾರಿ ಟಿಕೆಟೇ ಶ್ರೇಷ್ಠವೆಂದು ನಾನು ಹೇಳುತ್ತಿಲ್ಲ. ದುಡ್ಡಿನ ಬೆಲೆ ಬ್ಯಾಂಕಿನವನಿಗೆ ಗೊತ್ತು. ಮೊಣಕಾಲು ನೋವಿನವರಿಗೆ ಒಂದೇ ಸಮನೆ ಹದಿನೇಳು ಗಂಟೆ ಕೂರುವುದಕ್ಕಿಂತ ನಡುವೆ ಮೂರು ನಾಲ್ಕು ಗಂಟೆ ಇಳಿದು ಕೈಕಾಲು ನೀಡಿಕೊಳ್ಳುವುದು ಹಿತವಾಗಬಹುದು. ಕಣ್ಣು ಮಂದವಾದವರಿಗೆ, ಕಿವಿ ಕೇಳದವರಿಗೆ, ಕನ್ನಡವಲ್ಲದೆ ಬೇರೆ ಭಾಷೆ ಬಾರದವರಿಗೆ ವಿಮಾನ ಬದಲಿಸುವುದೇ ದೊಡ್ಡ ಭಯ. ಅವರಿಗೆ ನೇರ ವಿಮಾನ, ಇಲ್ಲವೇ ಜೊತೆಗಾರರು ಬೇಕು. ಪ್ರಯಾಣಿಕರನ್ನು ನೋಡಿ ಪ್ರಯಾಣವನ್ನು ಆರಿಸಬೇಕು. ಅವರನ್ನೇ ಕೇಳಬೇಕು. ಕೇಳಿದರೆ ನಮ್ಮ ಹಿರಿಯರು ಏನೆನ್ನುತ್ತಾರೆಂಬುದು ಎಲ್ಲರಿಗೂ ಗೊತ್ತು: “ನಿಮಗೆ ಹೇಗೆ ಅನುಕೂಲವೋ ಹಾಗೆ ಮಾಡಿ.” ಇದು ಒಪ್ಪಿಗೆಯಲ್ಲ, ಸಂಕೋಚ. ಎರಡು ಮೂರು ದಾರಿಗಳನ್ನು ಮನೆಯಿಂದ ಮನೆಗೆ ಎಷ್ಟು ಗಂಟೆ, ಎಲ್ಲಿ ಎಷ್ಟು ಹೊತ್ತು ಕಾಯಬೇಕು, ಯಾವ ಊಟ ಎಲ್ಲಿ ಎಂದು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು ಮುಂದಿಟ್ಟರೆ ಆಗ ಅವರ ಮನಸ್ಸು ಹೊರಬರುತ್ತದೆ.

ಈ ಲೆಕ್ಕ ದುಃಖದ ದಿನಕ್ಕೂ ಬೇಕಾಗುತ್ತದೆ. ತಂದೆಯೋ ತಾಯಿಯೋ ತೀರಿಕೊಂಡ ಸುದ್ದಿ ಹೋದ ಮೇಲೆ “ಹದಿನೇಳು ಗಂಟೆಯ ವಿಮಾನ, ನಾಳೆ ಬಂದುಬಿಡುತ್ತಾನೆ” ಎಂದು ಬಂಧುಗಳು ಕಾಯುತ್ತಾರೆ. ಟಿಕೆಟು ದೊರೆತು, ಹೊರಟು, ದಾಟಿ ಬರುವಷ್ಟರಲ್ಲಿ ಎರಡು ಹಗಲು ಕಳೆದಿರುತ್ತದೆ. ಬರಲಾರದೆಹೋದ ಮಗನ ಮೇಲೆ ಮುನಿಸು ಉಳಿಯುತ್ತದೆ. ಮಗನ ಎದೆಯಲ್ಲಿ ಕೊರಗು ಉಳಿಯುತ್ತದೆ. ಮೂವತ್ತು ಗಂಟೆಯೆಂಬುದು ಎರಡೂ ಕಡೆಯವರಿಗೆ ಮೊದಲೇ ತಿಳಿದಿದ್ದರೆ, ಕಾಯಬೇಕೇ ಬೇಡವೇ ಎಂಬುದನ್ನು ಹಿರಿಯರು ಬದುಕಿರುವಾಗಲೇ ಹೇಳಿಟ್ಟಿದ್ದರೆ, ಈ ಮುನಿಸಿಗೂ ಕೊರಗಿಗೂ ಅವಕಾಶವಿರದು. ಅಪ್ರಿಯವಾದರೂ ಆಡಬೇಕಾದ ಮಾತಿದು.

ಸಂಘ ಮಾಡಬಹುದಾದದ್ದು

ಕೊನೆಯದಾಗಿ ನಮ್ಮ ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ಮೂರು ಸಲಹೆಗಳನ್ನು ವಿನಯಪೂರ್ವಕವಾಗಿ ಇಡಬಯಸುತ್ತೇನೆ. ಮೊದಲನೆಯದು, ವಿದೇಶಕ್ಕೆ ಹೊರಡುವ ಹಿರಿಯ ಸದಸ್ಯರ ಹೆಸರು, ಊರು, ತಿಂಗಳುಗಳನ್ನು ಅವರ ಸಮ್ಮತಿ ಪಡೆದು ಒಂದು ಪುಸ್ತಕದಲ್ಲಿ ಬರೆದಿಡುವುದು. ಒಂದೇ ದಿಕ್ಕಿಗೆ ಹೋಗುವ ಇಬ್ಬರು ಪರಸ್ಪರ ತಿಳಿದುಕೊಂಡು ಒಂದೇ ದಿನದ ಟಿಕೆಟು ಕೊಂಡರೆ ಒಂಟಿ ಪ್ರಯಾಣದ ಭಯ ಅರ್ಧ ಕಡಿಮೆಯಾಗುತ್ತದೆ. ಎರಡನೆಯದು, ನಿವೃತ್ತರಾದ ಸದಸ್ಯರು ಇಂತಹ ಹಿರಿಯರ ಮನೆಗೆ ಹೋಗಿ ಪ್ರಯಾಣದ ಹಾಳೆಯನ್ನು ಕನ್ನಡದಲ್ಲಿ ಬರೆದುಕೊಡುವುದು. ಗಾಲಿಕುರ್ಚಿಗೆ ಮುಂಚಿತವಾಗಿ ಕೇಳಿಕೊಂಡಿದ್ದಾರೆಯೇ, ಔಷಧದ ಚೀಟಿ ಕೈಚೀಲದಲ್ಲಿದೆಯೇ ಎಂದು ವಿಚಾರಿಸುವುದು. ಮೂರನೆಯದು, ಬೇಸಿಗೆಯ ಪ್ರಯಾಣಗಳು ಆರಂಭವಾಗುವ ಮುನ್ನ ವರ್ಷಕ್ಕೊಮ್ಮೆ ನಮ್ಮ ಸದಸ್ಯ ವೈದ್ಯರಿಂದ ಈ ವಿಷಯವಾಗಿ ಉಪನ್ಯಾಸ ಏರ್ಪಡಿಸುವುದು. ಇವುಗಳಿಗೆ ಹಣ ಬೇಕಾಗಿಲ್ಲ; ಒಂದು ಪುಸ್ತಕ, ಒಂದು ಲೇಖನಿ, ವಾರಕ್ಕೊಂದು ಸಂಜೆ ಸಾಕು.

ಊರು ಬಿಟ್ಟು ಬಂದವರು ಪರಸ್ಪರ ನೆರವಾಗಲೆಂದೇ ಸಂಘಗಳು ಹುಟ್ಟುತ್ತವೆ. ಆರಂಭದಲ್ಲಿ ಆ ನೆರವು ಬಾಡಿಗೆ ಮನೆ ಹುಡುಕಿಕೊಡುವುದಾಗಿರುತ್ತದೆ, ಮಕ್ಕಳಿಗೆ ಕನ್ನಡ ಕಲಿಸುವುದಾಗಿರುತ್ತದೆ. ಮಕ್ಕಳು ಇನ್ನೂ ದೂರ ಹೋಗಿರುವ ಈ ಕಾಲದಲ್ಲಿ ಅವರ ತಂದೆತಾಯಿಗಳನ್ನು ಸುಖವಾಗಿ ಕಳುಹಿಸಿ ಸುಖವಾಗಿ ಬರಮಾಡಿಕೊಳ್ಳುವುದೂ ಅದೇ ನೆರವಿನ ಮುಂದುವರಿಕೆಯೆಂದು ಸದಸ್ಯ ಬಾಂಧವರು ಭಾವಿಸಬೇಕೆಂದು ಕೋರುತ್ತೇನೆ.